ಹದ ಹಾಕಿದ ಮಾತು

ಮಾತಿಗೆ ಹದ ಹಾಕುವ ಯಂತ್ರ ಬಂದ ಎರಡನೇ ವರ್ಷಕ್ಕೆ ಗದಗ-ಬೆಟಗೇರಿಯಲ್ಲಿ ಜಗಳಗಳು ಎದ್ದು ಕಾಣುವಷ್ಟು ಕಡಿಮೆಯಾದವು. ಬೀಗರ ನಡುವೆ ಮುನಿಸಿಲ್ಲ. ಬಾಡಿಗೆಯವರಿಗೂ ಮನೆ ಮಾಲೀಕರಿಗೂ ಕಿರಿಕಿರಿಯಿಲ್ಲ. ನಲ್ಲಿ ನೀರಿನ ಸರದಿಗೆ ಓಣಿಯ ಗುಂಪಿನಲ್ಲಿ ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದವರು ಈಗ 'ನೀವು ಮೊದಲು ತುಂಬಿಕೊಳ್ಳಿ ವೈನಿ' ಎಂದು ಬರೆಯುತ್ತಿದ್ದರು. ಆದರೆ ಅದೇ ವೈನಿ ನಲ್ಲಿಯ ಹತ್ತಿರ ಎದುರಾದರೆ ಮುಖ ನೋಡಿ ಏನು ಮಾತಾಡಬೇಕೋ ತಿಳಿಯದೆ ಕೊಡ ಬದಲಿಸಿಕೊಂಡು ಮುಂದೆ ಹೋಗುತ್ತಿದ್ದರು.

ಎಲ್ಲರೂ 'ಎದುರುಮನೆ'ಯಲ್ಲಿದ್ದರು. ಅದು ಫೋನಿನೊಳಗಿನ ಓಣಿ. ಅಲ್ಲಿ ನೀವು ಬರೆದ ಮಾತು ನೇರವಾಗಿ ಆಚೆಯವರಿಗೆ ಮುಟ್ಟುತ್ತಿರಲಿಲ್ಲ, ನಡುವೆ ಹದ ಇತ್ತು. ಓದುವವರ ಹೆಬ್ಬೆರಳು ಯಾವ ಸಾಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ, ಕಣ್ಣು ಯಾವ ಪದಕ್ಕೆ ತಿರುಗಿ ಬರುತ್ತದೆ, ಉತ್ತರ ಬರೆಯಲು ಹೋಗಿ ಎಷ್ಟು ಸಲ ಅಳಿಸುತ್ತಾರೆ, ಇವನ್ನೆಲ್ಲ ಫೋನು ಗಮನಿಸುತ್ತಿತ್ತು. ಇಂಥವರು ಇಂಥ ಮಾತಿಗೆ ಕರಗುತ್ತಾರೆ ಎಂದು ಒಬ್ಬೊಬ್ಬರ ಲೆಕ್ಕವೂ ಅದರ ಬಳಿ ಇತ್ತು. 'ನಾಳೆ ಬರೋದಿಲ್ಲ' ಎಂದು ನೀವು ಒರಟಾಗಿ ಬರೆದರೂ, ಆಚೆಯವರಿಗೆ ಸಿಗುವಾಗ ಅದು ಕೈಮುಗಿದು ನಿಂತಿರುತ್ತಿತ್ತು.

ಆದರೂ ಒಂದು ಕೊರತೆ ಉಳಿದಿತ್ತು. ಯಂತ್ರಕ್ಕೆ ಸವಿಯಾದ ಮಾತೆಲ್ಲ ಗೊತ್ತು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಸುಮ್ಮನಿರಬೇಕು ಎಂಬುದು ಮಾತ್ರ ಗೊತ್ತಿಲ್ಲ. ಅದನ್ನು ಕಲಿಸಲು ಕಂಪನಿಯವರು ಹುಡುಕಿ ಹುಡುಕಿ ಮಂದಿಯನ್ನು ತಂದರು. ರೋಣದ ಒಬ್ಬ ಕ್ಷೌರಿಕ, ಮುಂಡರಗಿಯ ಒಬ್ಬ ಸೂಲಗಿತ್ತಿ, ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೀಟು ಹರಿದ ಒಬ್ಬ ಕಂಡಕ್ಟರು. ಬೆಟಗೇರಿ ಬಜಾರಿನಿಂದ ಬಳೆ ಅಂಗಡಿಯ ನಿಂಬಕ್ಕ.

ನಿಂಬಕ್ಕನಿಗೆ ಐವತ್ತೆರಡು. ಗುರುತಿಲ್ಲದ ಹೆಂಗಸು ಅಂಗಡಿಯ ಮೆಟ್ಟಿಲು ಹತ್ತಿದ ಐದು ನಿಮಿಷಕ್ಕೆ ಇವಳ ಕೈಯಲ್ಲಿ ಕೈಯಿಟ್ಟು ಮನೆಯ ಸುದ್ದಿ ಹೇಳಲು ಶುರು ಮಾಡುತ್ತಿದ್ದಳು. ಹುಬ್ಬಳ್ಳಿಯ ಗೋಕುಲ ರೋಡಿನ ಕಟ್ಟಡಕ್ಕೆ ವಾರದಲ್ಲಿ ಎರಡು ದಿನ ಕರೆಸಿ, ಅವಳ ಕೈಯ ಮೇಲೆ ನಾಲ್ಕು ಕ್ಯಾಮೆರಾ ಇಟ್ಟು, ಎದುರಿಗೆ ಯಾರಾದರೂ ಹುಡುಗಿಯನ್ನು ಕೂರಿಸಿ ಬಳೆ ಇಡಿಸುತ್ತಿದ್ದರು. ಕೆಲಸ ನೋಡಿಕೊಳ್ಳುತ್ತಿದ್ದವನು ಧೀರೇಂದ್ರ, ಇನ್ನೂ ಮೂವತ್ತು ದಾಟದ ಎಂಜಿನಿಯರ್.

"ಮೊದಲ ಕೈ ಹಿಡೀಬೇಕು, ಬಳಿ ಹಿಡೀಬಾರದು," ಎಂದು ನಿಂಬಕ್ಕ ಮೊದಲ ದಿನವೇ ಹೇಳಿದ್ದಳು. "ಕೈ ಬೆಚ್ಚಗಾಗೂತನಕ ಸುಮ್ಮ ಹಿಡಕೊಂಡಿರಬೇಕು. ಆಮ್ಯಾಲೆ ಅಕಿ ಆಸೆಪಟ್ಟ ಒಂದು ಬಳಿ ಬ್ಯಾಡ ಅನ್ನಬೇಕು. 'ಇದು ನಿಮ್ಮ ಕೈಗೆ ಒಪ್ಪಂಗಿಲ್ರಿ' ಅಂದ್ರ, ಇಕಿ ಬರೇ ಮಾರಾಕ ಕುಂತಾಕಿ ಅಲ್ಲ ಅಂತ ಅಕಿಗೆ ಧೈರ್ಯ ಬರತೈತಿ."

"ಮೂರನೇದು ಏನ್ರಿ ಅಕ್ಕಾರ?"

"ಮೂರನೇದು ಗಂಟು." ನಿಂಬಕ್ಕ ಹುಡುಗಿಯ ಹೆಬ್ಬೆರಳಿನ ಬುಡವನ್ನು ಒತ್ತಿ ತೋರಿಸಿದಳು. "ಬಳಿ ಇಲ್ಲಿ ದಾಟೂಮುಂದ ನೋವಾಗತೈತಿ. ಅಕಿ ಕೈ ಎಳಕೊಂಡ್ರ ಗಾಜು ಚುಚ್ಚತೈತಿ. ಅದಕ್ಕ ಸರಿಯಾಗಿ ಆ ಹೊತ್ತಿಗೆ ತವರುಮನಿದು ಏನರ ಕೇಳಬೇಕು. ಸಣ್ಣದು ಕೇಳಬೇಕು. 'ನಿಮ್ಮ ಅವ್ವ ಹಬ್ಬಕ್ಕ ಏನ್ ಮಾಡತಿದ್ರಿ?' ಅಂತ. ಅಕಿ ನೆನಪು ಮಾಡಿಕೊಳ್ಳೂದ್ರಾಗ ಬಳಿ ಒಳಗ."

ಹುಡುಗಿ ಕೆಳಗೆ ನೋಡಿದಳು. ಬಳೆ ಮಣಿಕಟ್ಟಿನಲ್ಲಿತ್ತು.

ಧೀರೇಂದ್ರ ನಕ್ಕ. "ಇದು ಮೋಸ ಅಲ್ಲೇನ್ರಿ?"

"ಮೋಸ ಯಾಕಪಾ? ನೋವೂ ಅಕಿದ, ಬಳಿನೂ ಅಕಿದ. ನಾ ಏನ್ ಒಯ್ದೆ?"

ಈ ವಿದ್ಯೆಯೆಲ್ಲ ಬಾಣಂತಿಯರ ಸಹಾಯಕ್ಕೆ ಎಂದು ಅವನು ಹೇಳಿದ್ದ. ಹೆರಿಗೆಯಾಗಿ ದಿಕ್ಕುತೋಚದೆ ಕೂತವರಿಗೆ, ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ ಯಂತ್ರ ಅಕ್ಕನ ಹಾಗೆ ಮಾತಾಡಬೇಕಂತೆ. ನಿಂಬಕ್ಕನಿಗೆ ಅದು ಹಿಡಿಸಿತು. ಹುಡುಗನೂ ಹಿಡಿಸಿದ. ಜವಾನನ ಕೈಲಿ ಕಳಿಸದೆ ತಾನೇ ಚಹಾ ತಂದುಕೊಡುತ್ತಿದ್ದ. ಮುಂದೆ ಕೆಲವು ತಿಂಗಳಿಗೆ ಅವನ ಬಸುರಿ ಹೆಂಡತಿಯ ಕುಬಸಕ್ಕೆ ಹಸಿರು ಬಳೆ ಇಟ್ಟವಳೂ ನಿಂಬಕ್ಕನೇ. ಆವತ್ತು ಅವನು ಹೆಂಡತಿಯ ಪಕ್ಕ ಬಗ್ಗಿ ನಿಂಬಕ್ಕನ ಕಾಲು ಮುಟ್ಟಿದ.

ಆ ಕೆಲಸ ಶುರುವಾಗಿ ಎರಡು ತಿಂಗಳಿಗೆ, ಒಂದು ಮಧ್ಯಾಹ್ನ, ಎದುರುಮನೆಯಲ್ಲಿ ಕಸ್ತೂರಿಯ ಮಾತು ಬಂತು.

ಕಸ್ತೂರಿ ಅವಳ ಒಡಹುಟ್ಟಿದ ತಂಗಿ. ಕೊಪ್ಪಳದಲ್ಲಿ ಜಂಪರ್ ಹೊಲಿದು ಬದುಕುತ್ತಿದ್ದಳು. ಒಂಬತ್ತು ವರ್ಷದಿಂದ ಅಕ್ಕತಂಗಿಯರ ನಡುವೆ ಮಾತಿರಲಿಲ್ಲ. ತಾಯಿ ತೀರಿಕೊಂಡ ಸುದ್ದಿ ಕಸ್ತೂರಿಗೆ ತಡವಾಗಿ ಮುಟ್ಟಿತ್ತು, ಅವಳು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂಗಳದಲ್ಲಿ ನಿಂತು ಅಕ್ಕನನ್ನು ಒಂದು ಸಲ ನೋಡಿ, ನೀರೂ ಮುಟ್ಟದೆ ಬಂದ ಬಸ್ಸಿಗೇ ಹಿಂದಿರುಗಿದ್ದಳು.

ಈಗ ಬಂದದ್ದು ಎರಡೇ ಸಾಲು. 'ಅಕ್ಕಾ, ಹೆಂಗದಿ? ನಿನ್ನ ನೆನಪಾತು.'

ನಿಂಬಕ್ಕ ಫೋನು ಹಿಡಿದುಕೊಂಡು ಅಡುಗೆಮನೆಯಿಂದ ಹೊರಗೆ ಬಂದವಳು, ಒಲೆಯ ಮೇಲಿದ್ದ ರೊಟ್ಟಿ ಸೀದು ಹೊಗೆಯಾದರೂ ಒಳಗೆ ಹೋಗಲಿಲ್ಲ. ಗಂಡ ಈರಣ್ಣನೇ ಕುಂಟುತ್ತ ಎದ್ದುಹೋಗಿ ಒಲೆ ಆರಿಸಿದ.

ಅಂದಿನಿಂದ ದಿನವೂ ಮಾತು. ಬೆಳಗ್ಗೆ ಚಹಾ ಆಯಿತೇ ಎಂದು ಕಸ್ತೂರಿ ಕೇಳುವಳು. ಯಾವ ಬಣ್ಣದ ಬಳೆ ಹೆಚ್ಚು ಹೋಯಿತು ಎಂದು ಕೇಳುವಳು. ನಿಂಬಕ್ಕ ಉತ್ತರ ಬರೆದು, ಮರು ಉತ್ತರಕ್ಕೆ ಕಾಯುತ್ತ, ಗಿರಾಕಿ ಎದುರಿಗೆ ನಿಂತಿದ್ದರೂ ಕಣ್ಣು ಫೋನಿನ ಕಡೆ ಹೊರಳಿಸುವಳು.

"ಆ ಫೋನಿಗೂ ಒಂದು ಜೋಡಿ ಬಳಿ ಇಟ್ಟುಬಿಡು," ಎಂದು ಈರಣ್ಣ ಚೇಷ್ಟೆ ಮಾಡುತ್ತಿದ್ದ. "ನಮ್ಮ ಲಗ್ನ ಆದಾಗಿಂದ ನನಗ ಇಷ್ಟು ಸಲ 'ಉಂಡ್ಯಾ' ಅಂತ ಕೇಳಿಲ್ಲ ನೀ."

"ನೀವು ಕೇಳೂಕ್ಕಿಂತ ಮೊದಲ ಉಂಡಿರತೀರಿ," ಎನ್ನುವಳು ಅವಳು, ಫೋನಿನಿಂದ ಕಣ್ಣು ತೆಗೆಯದೆ.

ಮಾತು ಶುರುವಾದ ಐದನೇ ತಿಂಗಳಿಗೆ ನಿಂಬಕ್ಕ ಧೈರ್ಯ ಮಾಡಿದಳು. 'ಅವ್ವನ ಸುದ್ದಿ ನಿನಗ ತಡಾ ಮಾಡಿ ಹೇಳಿದೆ. ಅದು ನನ್ನ ತಪ್ಪು, ಕಸ್ತೂರಿ' ಎಂದು ಬರೆದಳು. ಅದು ಪೂರ್ತಿ ಸತ್ಯವಲ್ಲ, ಅರ್ಧವೂ ಅಲ್ಲ. ಆದರೆ ಅಷ್ಟನ್ನು ಬರೆಯಲು ಒಂಬತ್ತು ವರ್ಷ ಹಿಡಿದಿತ್ತು. ಉತ್ತರ ಮುಕ್ಕಾಲು ಗಂಟೆ ಬರಲಿಲ್ಲ. ತಂಗಿ ಅಳುತ್ತಿದ್ದಾಳೆ ಎಂದು ನಿಂಬಕ್ಕ ತಿಳಿದಳು. ಆಮೇಲೆ ಬಂತು: 'ಬಿಡಕ್ಕಾ. ಆ ಹೊತ್ತಿನಾಗ ನಿನಗೂ ದಿಕ್ಕು ತೋಚಿರಲಿಕ್ಕಿಲ್ಲ. ನನಗ ನಿನ್ನ ಮ್ಯಾಲೆ ಸಿಟ್ಟಿಲ್ಲ ಈಗ. ನೀ ಮೊನ್ನೆ ನೆನಸಿದ್ಯಲ್ಲ, ಅವ್ವನ ಆ ಕಂದು ಶಾಲು, ಇನ್ನೂ ಇಟ್ಟೀಯೇನ?'

ನಿಂಬಕ್ಕ ಶಾಲನ್ನು ಹುಡುಕಿ ತೆಗೆದು ಮುಖಕ್ಕೊತ್ತಿಕೊಂಡು ಅತ್ತಳು. ಸಂಜೆ ಬಜಾರಿನ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಪೇಡೆ ಹಂಚಿದಳು. ಏನು ವಿಶೇಷ ಎಂದವರಿಗೆ 'ಸುಮ್ಮ, ಬಾಯಿ ಸಿಹಿ ಮಾಡಿಕೊಳ್ರಿ' ಎಂದಳಷ್ಟೇ. ಆ ದಿನದಿಂದ ಅವಳಿಗೆ ನಿದ್ದೆ ಚೆನ್ನಾಗಿ ಬರತೊಡಗಿತು.

ಹತ್ತನೇ ತಿಂಗಳಲ್ಲಿ ಧೀರೇಂದ್ರ ಒಂದು ಕಾಗದ ಮುಂದಿಟ್ಟ. ಇಲ್ಲಿಯವರೆಗೆ ಯಂತ್ರ ಅವಳ ರೀತಿಯನ್ನಷ್ಟೇ ಕಲಿತಿದೆ. ಇನ್ನು ದನಿಯೂ ಬೇಕು. ಅವಳ ದನಿಯಲ್ಲೇ ಯಂತ್ರ ಯಾರ ಜೊತೆಗಾದರೂ ಮಾತಾಡಬಹುದು, ಅದಕ್ಕೆ ಒಪ್ಪಿಗೆ ಕೊಡಬೇಕು.

ನಿಂಬಕ್ಕ ಸಹಿ ಹಾಕಲಿಲ್ಲ. "ಕೈ ಬ್ಯಾರೆ, ದನಿ ಬ್ಯಾರೆ ಧೀರೇಂದ್ರ. ಮನ್ಯಾಗ ಕೇಳಿ ಹೇಳತೀನಿ," ಎಂದು ಕಾಗದವನ್ನು ಚೀಲಕ್ಕೆ ಹಾಕಿಕೊಂಡು ಎದ್ದುಬಂದಳು. ಮನೆಯಲ್ಲಿ ಈರಣ್ಣ "ಬ್ಯಾಡ" ಎಂದ. ಮನಸ್ಸು ತೂಗಾಡಿ ಕಸ್ತೂರಿಗೆ ಬರೆದು ಕೇಳಿದಳು. ಉತ್ತರ ಬಂತು: 'ನೀ ಭಾಳ ಅವಸರ ಮಾಡಬ್ಯಾಡಕ್ಕಾ, ಅವರು ಹೇಳಿದ್ದಕ್ಕೆಲ್ಲಾ ಹೂಂ ಅನ್ನಬ್ಯಾಡ. ಆದ್ರ ಇದು ಬಾಣಂತ್ಯಾರ ಸಲುವಾಗಿ ಐತಿ, ಕೊಟ್ಟರ ಪುಣ್ಯ ಬರತೈತಿ. ಅಂದಂಗ, ಅವ್ವ ಕರ್ಚಿಕಾಯಿಗೆ ಗಸಗಸಿ ಹಾಕತಿದ್ದಳೋ ಇಲ್ಲೋ?'

ಹಾಕುತ್ತಿದ್ದಳು ಎಂದು ನಿಂಬಕ್ಕ ಬರೆದಳು. ಹುರಿದು, ಅರ್ಧ ಹಿಡಿ. ಬರೆಯುತ್ತ ಬರೆಯುತ್ತ ಸಹಿ ಹಾಕುವುದೆಂದು ಮನಸ್ಸಿನಲ್ಲೇ ತೀರ್ಮಾನವಾಗಿಹೋಯಿತು.

ಮರುದಿನ ಹನ್ನೊಂದು ಗಂಟೆಗೆ ಮುಳಗುಂದದ ಕಡೆಯ ಒಬ್ಬ ಹೆಂಗಸು ಬಂದು ಕೈ ಚಾಚಿ ಕೂತಳು. ದಪ್ಪ ಕೈ, ಗಟ್ಟಿ ಗಂಟು. ನಿಂಬಕ್ಕ ಸೋಪಿನ ನೀರು ಸವರಿ ನಾಲ್ಕೂ ಬೆರಳು ಕೂಡಿಸಿ ಬಳೆಯನ್ನು ಗಂಟಿನವರೆಗೆ ತಂದಳು. ಹೆಂಗಸು ಹುಬ್ಬು ಗಂಟಿಕ್ಕಿದಳು. ನಿಂಬಕ್ಕನ ಬಾಯಿಂದ ತಾನಾಗಿಯೇ ಬಂತು:

"ನಿಮ್ಮ ಅವ್ವ ಕರ್ಚಿಕಾಯಿಗೆ ಗಸಗಸಿ ಹಾಕತಿದ್ರೇನ್ರಿ?"

"ಗಸಗಸಿ..." ಎಂದು ಹೆಂಗಸು ಮೇಲೆ ನೋಡಿದಳು. ಬಳೆ ಗಂಟು ದಾಟಿತು.

ನಿಂಬಕ್ಕ ಆ ಕೈಯನ್ನು ಹಿಡಿದವಳು ಹಿಡಿದೇ ಇದ್ದಳು. "ಬಿಡ್ರಿ ಅಕ್ಕಾರ, ಆತಲ್ಲ," ಎಂದು ಹೆಂಗಸೇ ಕೈ ಬಿಡಿಸಿಕೊಂಡು ನಕ್ಕಳು.

ಗಿರಾಕಿ ಹೋದ ಮೇಲೆ ನಿಂಬಕ್ಕ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಹತ್ತು ತಿಂಗಳ ಮಾತನ್ನು ಹಿಂದಿನಿಂದ ಓದುತ್ತ ಬಂದಳು. 'ನಿನ್ನ ಮನಿಗೆ ಬರಲೇನು?' ಎಂದು ಅವಳು ಏಳು ಸಲ ಕೇಳಿದ್ದಳು. 'ಫೋನ್ ಮಾಡಲೇನು, ದನಿ ಕೇಳಬೇಕನಸೇತಿ' ಎಂದು ಐದು ಸಲ. ಪ್ರತಿ ಸಲವೂ ಮೊದಲು ಒಂದು ಬೆಚ್ಚನೆಯ ಮಾತು, ನಡುವೆ ಒಂದು ಹಿತವಾದ 'ಬ್ಯಾಡ', ಕೊನೆಗೆ ತವರಿನ ಪ್ರಶ್ನೆ. ಹಿತ್ತಲಲ್ಲಿ ಬಾವಿ ಎಡಕ್ಕಿತ್ತೋ ಬಲಕ್ಕಿತ್ತೋ. ಅಪ್ಪನ ತಲೆಯ ಪಟಗಾದ ಅಂಚು ಯಾವ ಬಣ್ಣ. ಪ್ರತಿ ಸಲವೂ ಅವಳು ಪ್ರಶ್ನೆಗೆ ಉತ್ತರ ಬರೆಯುತ್ತ ತಾನು ಕೇಳಿದ್ದನ್ನು ಮರೆತಿದ್ದಳು. ಹನ್ನೆರಡು ಸಲ ಅವಳ ಗಂಟು ದಾಟಿಸಿತ್ತು, ಯಂತ್ರಕ್ಕೆ ಕಲಿಸಿದ ಅವಳದೇ ಕೈ.

ಅದೇ ಬಟ್ಟೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದಳು.

ಧೀರೇಂದ್ರ ದೊಡ್ಡ ಪರದೆಯ ಮುಂದೆ ಕೂತಿದ್ದ. ಕಾಗದ ಕೊಡಲು ಬಂದಳೆಂದು ಎದ್ದು ಕುರ್ಚಿ ಎಳೆದ.

"ನನ್ನ ತಂಗಿ ಯಾರು, ಧೀರೇಂದ್ರ?"

ಅವನ ಮುಖ ಬದಲಾಯಿತು. ಅಷ್ಟರಲ್ಲೇ ಅವಳಿಗೆ ಉತ್ತರ ಸಿಕ್ಕಿತ್ತು. ಆದರೂ ಅವನ ಬಾಯಿಂದ ಕೇಳಬೇಕಿತ್ತು. ಸುತ್ತಿಬಳಸಿ ಅವನು ಹೇಳಿದ. ಮುರಿದುಬಿದ್ದ ಸಂಬಂಧಗಳನ್ನು ಯಂತ್ರ ಒಂದೇ ಕಡೆಯಿಂದ ಕೂಡಿಸಬಲ್ಲುದೇ ಎಂದು ನೋಡುವ ಪರೀಕ್ಷೆ. ನಾನೂರು ಜೋಡಿಗಳಿದ್ದವು. ಬೇಡವೆಂದು ಕೂತವರಿಗೆ ಯಂತ್ರ ಒಂದೇ ಮಾತು ಕೇಳುತ್ತದೆ: 'ನಿಮ್ಮ ಪರವಾಗಿ ನಾನು ಮಾತಾಡಲೇ?' ಹೂಂ ಎಂದರೆ ಮುಂದಿನದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಕಸ್ತೂರಿ ಹೂಂ ಎಂದಿದ್ದಳು.

"ನಾ ಬರದದ್ದು ಅಕಿ ಓದ್ಯಾಳೇನು?"

"ಇಲ್ರಿ."

"ಒಂದೂ?"

"ಒಂದೂ ತೆರದಿಲ್ರಿ ಅಕ್ಕಾರ."

"ನನಗ ಸಿಟ್ಟಿಲ್ಲ ಈಗ ಅಂದದ್ದು ಯಾರು?"

ಅವನು ಪರದೆಯ ಮೇಲೊಂದು ಗೆರೆ ತೋರಿಸಿದ. ಅದು ಅವಳ ನಿದ್ದೆಯ ಲೆಕ್ಕ, ಫೋನು ಬರೆದಿಟ್ಟದ್ದು. ಐದನೇ ತಿಂಗಳಿನಿಂದ ಗೆರೆ ಹೇಗೆ ಮೇಲಕ್ಕೆ ಹೋಗಿದೆ ನೋಡಿ ಎಂದ. "ಸುಳ್ಳೇ ಇರಲಿ, ನಿಮಗ ಸಮಾಧಾನ ಆತಲ್ರಿ. ಯಾರಿಗೆ ಏನ್ ಲುಕ್ಸಾನಾತು, ಹೇಳ್ರಿ?"

"ಬಾಣಂತ್ಯಾರ ಸಲುವಾಗಿ ಅಂದಿದ್ಯಲ್ಲಪಾ?"

"ಅದು ಮುಂದಿನ ಹಂತರಿ."

"ನಿನ್ನ ಹೆಂಡತಿ ಕೈ ಹಿಡದು ಬಳಿ ಇಟ್ಟೇನಿ ನಾ. ಆವತ್ತರ ಹೇಳಬೇಕಾಗಿತ್ತು ನೀ. ನಾ ಅಕ್ಕ ಅಂತ ಕಾಲು ಮುಟ್ಟಿದಿ. ಪರೀಕ್ಷಾಕ್ಕ ಹಿಡದ ಇಲಿ ಅಂತ ಗೊತ್ತಿದ್ದೂ ಮುಟ್ಟಿದಿ."

ಧೀರೇಂದ್ರ ನೀರಿನ ಲೋಟ ಅವಳ ಕಡೆ ಸರಿಸಿ ಮೆತ್ತಗೆ ಕೇಳಿದ: "ಕುಡೀರಿ ಅಕ್ಕಾರ. ಅಂದಂಗ, ಈರಣ್ಣಾರ ಮೊಣಕಾಲು ಈಗ ಹೆಂಗೈತ್ರಿ?"

ನಿಂಬಕ್ಕನಿಗೆ ನಗು ಬಂತು. ಸುತ್ತಲಿನ ಮೇಜುಗಳವರು ತಿರುಗಿ ನೋಡುವ ಹಾಗೆ ನಕ್ಕಳು. "ಯಪ್ಪಾ, ನನಗ ಗಂಟು ದಾಟಸಾಕತ್ತೀಯೇನು? ಕಲಿಸಿದಾಕಿ ನಾನ ಅದೀನಿ." ಸಹಿ ಹಾಕದ ಕಾಗದವನ್ನು ಚೀಲದಿಂದ ತೆಗೆದು ಮಡಿಚಿ ಅದೇ ಲೋಟದ ಕೆಳಗಿಟ್ಟು ಎದ್ದಳು. ಹುಡುಗ ಬೇಕೆಂದೇ ಕೇಳಿದನೋ, ಅಭ್ಯಾಸಬಲದಿಂದ ಕೇಳಿದನೋ, ಅವಳಿಗೆ ತಿಳಿಯಲಿಲ್ಲ. ಅವನಿಗೂ ತಿಳಿದಿರಲಿಕ್ಕಿಲ್ಲ.

ಮರುದಿನ ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಹೇಳಬೇಕಾದ್ದನ್ನು ಬಾಯಲ್ಲೇ ಜೋಡಿಸುತ್ತ ಹೋದಳು. ಕೈ ಹಿಡಿಯಬಾರದು. ಸವಿ ಮಾತು ಬೇಡ. ಏನನ್ನೂ ಕೇಳಬಾರದು. ಬಾಗಿಲು ತೆರೆದ ಕೂಡಲೇ ನೇರವಾಗಿ ಹೇಳಿಬಿಡಬೇಕು. ದಾರಿಯ ತಳಕಲ್ಲು ಊರು ದಾಟುವಷ್ಟರಲ್ಲಿ ಮಾತು ಬಾಯಿಪಾಠವಾಗಿತ್ತು.

ಗವಿಮಠದ ಆಚೆ ಇಕ್ಕಟ್ಟಾದ ಓಣಿ. ಬಾಗಿಲು ತೆರೆದವಳ ಕೊರಳಲ್ಲಿ ಅಳತೆಯ ಟೇಪು ಜೋತಾಡುತ್ತಿತ್ತು. ಕೂದಲು ಅರ್ಧ ನೆರೆತಿತ್ತು. ಒಂಬತ್ತು ವರ್ಷದ ಮೇಲೆ ತಂಗಿಯನ್ನು ಒಮ್ಮೆಲೇ ನೋಡಿದ ನಿಂಬಕ್ಕನಿಗೆ ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು.

"ಕಸ್ತೂರೀ... ನಿನ್ನ ಮಗಳು ಹೆಂಗದಾಳ? ಕಾಲೇಜು ಮುಗೀತೇನ?"

ಕಸ್ತೂರಿ ಅವಳನ್ನೇ ನೋಡಿದಳು. "ಆವತ್ತೂ ಇದನ್ನ ಕೇಳಿದ್ದಿ."

"ಯಾವತ್ತು?"

"ನಾ ಫೋನ್ ಮಾಡಿ ಅವ್ವ ಹೆಂಗದಾಳ ಅಂತ ಕೇಳಿದೆ. ನೀ ಮಗಳು ಪರೀಕ್ಷಾ ಹೆಂಗ ಬರದಾಳ ಅಂತ ಕೇಳಿದಿ. ನಾನೂ ಹುಚ್ಚಿಗತೆ ಗಣಿತದ ಪೇಪರ್ ಹಿಂಗಾತು, ವಿಜ್ಞಾನ ಹಂಗಾತು ಅಂತ ಹೇಳಕೋತ ಹೋದೆ. ಫೋನ್ ಇಟ್ಟ ಮ್ಯಾಲೆ ನೆನಪಾತು, ನಾ ಕೇಳಿದ್ದಕ್ಕ ನೀ ಉತ್ತರಾನ ಕೊಟ್ಟಿಲ್ಲ ಅಂತ. ಮರುದಿನಾ ಅವ್ವ ಹೋದಳು." ಅವಳ ದನಿ ಏರಲಿಲ್ಲ. "ನೀ ಯಾರ ಕೈ ಹಿಡದ್ರೂ ಹಂಗ. ಎಲ್ಲಿ ನೋಯತೈತೋ ಅಲ್ಲಿ ಬ್ಯಾರೆ ಮಾತು ತಗೀತಿ. ಗಿರಾಕಿಗೂ ಅಷ್ಟ, ನನಗೂ ಅಷ್ಟ."

"ಹಂಗಾರ ಫೋನಿನಾಗ ಹೂಂ ಯಾಕ ಒತ್ತಿದಿ? ಹತ್ತು ತಿಂಗಳು, ಕಸ್ತೂರಿ! ನಾ ಅತ್ತೇನಿ, ನಕ್ಕೇನಿ, ಮಂದಿಗೆ ಪೇಡೆ ಹಂಚೇನಿ!"

"ಯಾವ ಲಗ್ನಕ್ಕ ಹೋದ್ರೂ ಅಕ್ಕನ ಜೋಡಿ ಮಾತಾಡು, ಅಕ್ಕನ ಜೋಡಿ ಮಾತಾಡು ಅಂತ ಜೀವಾ ತಿಂತಿದ್ರು. ಅದು ಕೇಳಿತು, ಒತ್ತಿದೆ. ಈಗ ಯಾರರ ಕೇಳಿದ್ರ, ಮಾತಾಡಾಕತ್ತೀನಲ್ಲ, ಅಂತೀನಿ." ಒಳಗೆ ತಿರುಗುತ್ತ ಸೇರಿಸಿದಳು: "ನಾಳೆ ಗಿರಾಕಿಗೆ ನಾಲ್ಕು ಜಂಪರ್ ಕೊಡಬೇಕು."

ಬಾಗಿಲು ಮುಚ್ಚಿತು. ಒಳಗೆ ಹೊಲಿಗೆ ಯಂತ್ರ ಓಡತೊಡಗಿತು.

ಅದೇ ಹೊತ್ತಿಗೆ ಚೀಲದಲ್ಲಿ ಫೋನು ಅಲುಗಿತು. ಕಸ್ತೂರಿ: 'ಅಕ್ಕಾ, ಇವತ್ತು ಬಿಸಲು ಭಾಳ. ಹೊತ್ತಿಗೆ ಸರಿಯಾಗಿ ಉಂಡ್ಯೋ ಇಲ್ಲೋ?'

ನಿಂಬಕ್ಕ ಓದಿದಳು. ನಾಚಿಕೆಯ ಮಾತೆಂದರೆ, ಎಲ್ಲ ಗೊತ್ತಿದ್ದೂ ಒಂದು ಗಳಿಗೆ ಅವಳಿಗೆ ಹಾಯೆನಿಸಿತು. ಉಂಡಿಲ್ಲ ಎಂದು ಬರೆಯಲು ಬೆರಳು ಮುಂದಾಯಿತು. ಅದನ್ನು ಕಂಡು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಗಿ ಫೋನನ್ನು ಆರಿಸಿ ಚೀಲದ ತಳಕ್ಕೆ ತುರುಕಿದಳು. ಆಮೇಲೆ ಮುಚ್ಚಿದ ಬಾಗಿಲಿಗೆ ಮುಖ ಹತ್ತಿರ ತಂದು, ಓಣಿಯವರಿಗೆ ಕೇಳಿದರೆ ಕೇಳಲಿ ಎಂದು, ಗಟ್ಟಿಯಾಗಿ ಹೇಳಿದಳು.

"ಅವ್ವ ನಿನ್ನ ಹೆಸರು ಹಿಡದು ಕರದಳು, ಕಸ್ತೂರಿ. ಮೂರು ದಿನ ಕರದಳು. ನಿನಗ ತಡಾ ಆಗಿ ಸುದ್ದಿ ಮುಟ್ಟಿದ್ದಲ್ಲ. ನಾನ ಮುಟ್ಟಸಲಿಲ್ಲ. ಹೇಲು ಉಚ್ಚಿ ಬಳದಾಕಿ ನಾನು, ಕರಿಯೂದು ನಿನ್ನನ್ನ. ನೀ ಬರದಿದ್ರ ಕಡೀಕರ ನನ್ನ ಹೆಸರು ತಗೊಂಡಾಳು ಅಂತ ಸುಮ್ಮನ ಕುಂತೆ."

ಹೊಲಿಗೆ ಯಂತ್ರ ನಿಂತಿತು.

ಆಮೇಲೆ ಬಾಗಿಲಿನ ಆ ಬದಿಯಿಂದ, ತೀರಾ ಹತ್ತಿರದಿಂದ ದನಿ ಬಂತು.

"ಮೂರು ದಿನಾನ?"

"ಹೂಂ. ಮೂರು ದಿನ."

"ತಗೊಂಡಳೇನು, ನಿನ್ನ ಹೆಸರು?"

"ಇಲ್ಲ."

ಒಳಗೆ ಉಸಿರೆಳೆದುಕೊಂಡ ಸದ್ದಾಯಿತು. ಆಮೇಲೆ ಕಸ್ತೂರಿ ಮೇಲಿನ ಚಿಲಕವನ್ನೂ ಹಾಕಿಕೊಂಡಳು.

ನಿಂಬಕ್ಕ ಮೆಟ್ಟಿಲಿಳಿಯಲಿಲ್ಲ. ಒಳಗಿನವಳು ಇನ್ನೂ ಏನಾದರೂ ಕೇಳಿಯಾಳು, ಕೇಳಿದರೆ ಹೇಳಿಬಿಡುವುದೇ ಸರಿ ಎಂದುಕೊಂಡು, ಬಿಸಿಲಿಗೆ ಸೆರಗನ್ನೂ ಹೊದೆಯದೆ ಅಲ್ಲೇ ನಿಂತಳು.